ಕಾನೂನಿನ ಎದುರು ನಿಂತಾಗ: ಐರ್ಲೆಂಡಿನಲ್ಲಿ ಮದ್ಯಪಾನ, ವಾಹನ ಚಾಲನೆ ಮತ್ತು ನಮ್ಮ ಹಕ್ಕುಗಳು



ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತದೆ ಬಾಳಿದವನೇ ಮರ್ಯಾದಸ್ಥ ಎಂಬ ಭಾವನೆ ನಮ್ಮ ಮನೆತನಗಳಲ್ಲಿ ಬೇರೂರಿದೆ. ಈ ಭಾವನೆಯಲ್ಲಿ ಒಳ್ಳೆಯದೂ ಉಂಟು, ತೊಡಕೂ ಉಂಟು. ತಪ್ಪು ಮಾಡಬಾರದೆಂಬ ಎಚ್ಚರವನ್ನು ಅದು ನಮ್ಮಲ್ಲಿ ಉಳಿಸುತ್ತದೆ ಎಂಬುದು ಒಳ್ಳೆಯದು. ಆದರೆ ಆರೋಪವೊಂದು ಎದುರಾದ ದಿನ ಯಾರನ್ನು ಕೇಳಬೇಕು, ಏನು ಹೇಳಬೇಕು, ಏನು ಹೇಳಬೇಕಾಗಿಲ್ಲ ಎಂಬುದು ತಿಳಿಯದೆ, ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು, ಒಂದು ಸಣ್ಣ ಸಂಕಟವನ್ನು ದೊಡ್ಡ ವಿಪತ್ತಾಗಿ ಬೆಳೆಸಿಕೊಳ್ಳುತ್ತೇವೆ ಎಂಬುದು ತೊಡಕು.

ಈ ದೇಶದಲ್ಲಿ ಸಾಮಾನ್ಯ ಸಂಸಾರಸ್ಥನೊಬ್ಬ ಕ್ರಿಮಿನಲ್ ಕಾನೂನಿನ ಎದುರು ನಿಲ್ಲುವ ಪ್ರಸಂಗ ಬಂದರೆ, ಅದು ಬಹುಮಟ್ಟಿಗೆ ರಸ್ತೆಯ ಮೇಲೆಯೇ ಬರುತ್ತದೆ. ಅದರಲ್ಲಿಯೂ ಮದ್ಯ ಸೇವಿಸಿ ವಾಹನ ನಡೆಸಿದ ಆರೋಪ ಗಂಭೀರವಾದುದು. ಆದುದರಿಂದ ಅದನ್ನೇ ಮುಖ್ಯವಾಗಿ ಇಟ್ಟುಕೊಂಡು, ಆರೋಪಿಯ ಹಕ್ಕುಗಳನ್ನು ನಾವು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ. ಕುಡಿದು ವಾಹನ ನಡೆಸಿದವರು ಪಾರಾಗುವ ಉಪಾಯಗಳನ್ನು ಹೇಳಿಕೊಡುವುದು ನಮ್ಮ ಉದ್ದೇಶವಲ್ಲ. ನ್ಯಾಯದ ದಾರಿ ಯಾವುದೆಂದು ತಿಳಿದವನು ಮಾತ್ರ ಅದರಲ್ಲಿ ತಲೆಯೆತ್ತಿ ನಡೆಯಬಲ್ಲ ಎಂಬುದಷ್ಟೇ ನಮ್ಮ ನಂಬಿಕೆ.

ಮಿತಿ ಎಷ್ಟು, ಯಾರಿಗೆ ಎಷ್ಟು?

ಐರ್ಲೆಂಡಿನಲ್ಲಿ ಈ ವಿಷಯದ ಮುಖ್ಯ ಕಾನೂನು 2010ರ ರಸ್ತೆ ಸಂಚಾರ ಕಾಯಿದೆ. 2011ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಮಿತಿಯಂತೆ, ಸಾಮಾನ್ಯ ಚಾಲಕರಿಗೆ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ; ಉಸಿರಿನ ಲೆಕ್ಕದಲ್ಲಿ 100 ಮಿಲಿಲೀಟರಿಗೆ 22 ಮೈಕ್ರೋಗ್ರಾಂ. ಆದರೆ ಕಲಿಕೆಯ ಪರವಾನಗಿ ಉಳ್ಳವರಿಗೆ, ಮೊದಲ ಪೂರ್ಣ ಪರವಾನಗಿ ಪಡೆದು ಎರಡು ವರ್ಷ ತುಂಬದವರಿಗೆ, ಹಾಗೂ ಟ್ಯಾಕ್ಸಿ, ಬಸ್ಸು, ಲಾರಿ ನಡೆಸುವ ವೃತ್ತಿನಿರತರಿಗೆ ಮಿತಿ ಕೇವಲ 20 ಮಿಲಿಗ್ರಾಂ. ಉಸಿರಿನಲ್ಲಿ 9 ಮೈಕ್ರೋಗ್ರಾಂ.

ಈ ಎರಡನೆಯ ಮಿತಿಯನ್ನು ನಮ್ಮವರು ವಿಶೇಷವಾಗಿ ನೆನಪಿಡಬೇಕು. ಭಾರತದ ಚಾಲನಾ ಪರವಾನಗಿಯನ್ನು ಇಲ್ಲಿ ಕೊಟ್ಟು ಐರಿಷ್ ಪರವಾನಗಿಯನ್ನು ಬದಲಾಗಿ ಪಡೆಯುವಂತಿಲ್ಲ. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇಪ್ಪತ್ತು ವರ್ಷ ಕಾರು ಓಡಿಸಿದವರೂ ಇಲ್ಲಿ ಕಲಿಕೆಯ ಪರವಾನಗಿಯಿಂದಲೇ ಆರಂಭಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದಿನ ಎರಡು ವರ್ಷ ಕಾರಿಗೆ ‘ಎನ್’ ಫಲಕ ಅಂಟಿಸಿಕೊಂಡು ತಿರುಗಬೇಕು. ಅಂದರೆ, ಅನುಭವದಲ್ಲಿ ಹಿರಿಯರಾದರೂ ಕಾನೂನಿನ ಕಣ್ಣಿಗೆ ಅವರು ಹೊಸಬರು. ಅವರಿಗೆ ಅನ್ವಯಿಸುವುದು 20ರ ಮಿತಿ.

ಹೋಲಿಕೆಗಾಗಿ ಹೇಳುವುದಾದರೆ, ಭಾರತದ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಮಿತಿ 30 ಮಿಲಿಗ್ರಾಂ. ಗಡಿಯಾಚೆಯ ಉತ್ತರ ಐರ್ಲೆಂಡಿನಲ್ಲಿ ಸಾಮಾನ್ಯ ಮಿತಿ 80. ಬೆಲ್‌ಫಾಸ್ಟಿನ ಔತಣದಿಂದ ಡಬ್ಲಿನ್ನಿಗೆ ಹಿಂತಿರುಗುವವರು ಗಡಿ ದಾಟಿದ ಕ್ಷಣವೇ ಇಲ್ಲಿನ ಕಾನೂನಿಗೆ ಒಳಪಡುತ್ತಾರೆಂಬುದನ್ನು ಮರೆಯಬಾರದು.

ಇನ್ನೆರಡು ಸಂಗತಿಗಳು. ಮೊದಲನೆಯದು ಮರುದಿನ ಬೆಳಗಿನ ಅಪಾಯ. ಐರ್ಲೆಂಡಿನಲ್ಲಿ ಒಂದು ‘ಪ್ರಮಾಣಿತ ಪಾನೀಯ’ವೆಂದರೆ 10 ಗ್ರಾಂ ಶುದ್ಧ ಮದ್ಯಸಾರ; ಒಂದು ಪೈಂಟ್ ಬಿಯರು ಸುಮಾರು ಎರಡು ಪ್ರಮಾಣಿತ ಪಾನೀಯಗಳಿಗೆ ಸಮ. ಒಂದೊಂದು ಕರಗಲು ದೇಹಕ್ಕೆ ಸುಮಾರು ಒಂದು ಗಂಟೆ ಬೇಕು. ರಾತ್ರಿ ಒಂದು ಗಂಟೆಯವರೆಗೆ ನಾಲ್ಕೈದು ಪೈಂಟ್ ಕುಡಿದವನು ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ, ಕಾಫಿ ಕುಡಿದು, ಮಗುವನ್ನು ಕರೆದುಕೊಂಡು ಹೊರಟರೂ ಮಿತಿಯ ಮೇಲಿರಬಹುದು. ಕಾಫಿಯಾಗಲಿ ತಣ್ಣೀರಾಗಲಿ ಈ ಲೆಕ್ಕವನ್ನು ಬದಲಿಸದು. ಎರಡನೆಯದು, ವಾಹನ ಚಲಿಸದೇ ಇದ್ದರೂ ಅಪರಾಧ ಘಟಿಸಬಹುದು. ಮಿತಿ ಮೀರಿ ಕುಡಿದು, ಚಾಲನೆಯ ಉದ್ದೇಶದಿಂದ ವಾಹನವನ್ನು ತನ್ನ ಸುಪರ್ದಿನಲ್ಲಿ ಇಟ್ಟುಕೊಂಡಿರುವುದೇ 5ನೆಯ ಕಲಮಿನಂತೆ ಅಪರಾಧ. ಉದ್ದೇಶವಿರಲಿಲ್ಲವೆಂದು ತೋರಿಸುವ ಹೊಣೆ ಆರೋಪಿಯ ಮೇಲೆಯೇ ಬೀಳುತ್ತದೆ. ನಿಲ್ಲಿಸಿದ ಕಾರಿನಲ್ಲಿ ಕೀಲಿಕೈ ಇಟ್ಟುಕೊಂಡು ಮಲಗುವುದು ಆದಕಾರಣ ಜಾಣತನವಲ್ಲ.

ರಸ್ತೆಯ ಬದಿಯಲ್ಲಿ

ಇಲ್ಲಿನ ಪೊಲೀಸ್ ಪಡೆಯ ಹೆಸರು ಗಾರ್ಡಾ ಶೀಖಾನಾ. ಐರಿಷ್ ಭಾಷೆಯಲ್ಲಿ ಶಾಂತಿಯ ಪಾಲಕರು ಎಂದರ್ಥ. 2006ರಿಂದೀಚೆಗೆ ಗಾರ್ಡಾಗಳು ರಸ್ತೆಯಲ್ಲಿ ತಪಾಸಣಾ ಠಾಣ್ಯಗಳನ್ನು ಏರ್ಪಡಿಸಿ, ಸಂಶಯವಿರಲಿ ಇಲ್ಲದಿರಲಿ, ಯಾವ ಚಾಲಕರಿಂದಲಾದರೂ ಉಸಿರಿನ ಪರೀಕ್ಷೆ ಕೇಳಬಹುದು. ಇಂತಹ ಠಾಣ್ಯಕ್ಕೆ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಲಿಖಿತ ಅಪ್ಪಣೆ ಇರಬೇಕೆಂಬುದು ನಿಯಮ. 2017ರಿಂದ ಬಾಯಿಯ ದ್ರವದ ಪರೀಕ್ಷೆಯಿಂದ ಮಾದಕ ದ್ರವ್ಯಗಳನ್ನೂ ಕಂಡುಹಿಡಿಯಲಾಗುತ್ತದೆ.

ರಸ್ತೆಯಲ್ಲಿ ನಮ್ಮ ಕರ್ತವ್ಯಗಳು ಇವು: ನಿಲ್ಲಿಸಬೇಕು; ಹೆಸರು, ವಿಳಾಸ ಹೇಳಬೇಕು; ಚಾಲನಾ ಪರವಾನಗಿ ತೋರಿಸಬೇಕು; ಕೇಳಿದಾಗ ಉಸಿರಿನ ಪರೀಕ್ಷೆಗೆ ಒಳಪಡಬೇಕು. ಪರೀಕ್ಷೆಯನ್ನು ನಿರಾಕರಿಸುವುದೇ ಪ್ರತ್ಯೇಕ ಅಪರಾಧ. ಇದಕ್ಕೆ ಮೀರಿ, ಎಲ್ಲಿ ಕುಡಿದಿರಿ, ಎಷ್ಟು ಕುಡಿದಿರಿ ಎಂಬ ಪ್ರಶ್ನೆಗಳಿಗೆ ಗಾಬರಿಯಿಂದ ಉದ್ದನೆಯ ಕಥೆ ಹೇಳುವ ಅಗತ್ಯವಿಲ್ಲ. ಸುಳ್ಳನ್ನಂತೂ ಹೇಳಲೇಬಾರದು. ‘ಅವರು ನಮಗೆ ಗೊತ್ತು, ಇವರು ನಮಗೆ ಗೊತ್ತು’ ಎಂದು ಪ್ರಭಾವ ತೋರಿಸುವುದು, ಸ್ಥಳದಲ್ಲೇ ‘ಮುಗಿಸಿಕೊಳ್ಳೋಣ’ ಎಂದು ಹಣದ ಮಾತೆತ್ತುವುದು, ಇವು ಸಂಕಟವನ್ನು ಹಗುರಗೊಳಿಸುವ ಬದಲು ಲಂಚದ ಆರೋಪವೆಂಬ ಇನ್ನೂ ಭಾರವಾದ ಸಂಕಟವನ್ನು ತಂದೊಡ್ಡುತ್ತವೆ.

ಠಾಣೆಯಲ್ಲಿ

ರಸ್ತೆಯ ಪರೀಕ್ಷೆ ಪ್ರಾಥಮಿಕವಾದುದು. ಅದರಲ್ಲಿ ಮಿತಿ ಮೀರಿದಂತೆ ಕಂಡರೆ ಗಾರ್ಡಾ ಚಾಲಕನನ್ನು ಬಂಧಿಸಿ ಠಾಣೆಗೆ ಕರೆದೊಯ್ಯುತ್ತಾರೆ. ಬಂಧಿತನಿಗೆ ಇರುವ ಮುಖ್ಯ ಹಕ್ಕುಗಳು ಇವು. ಬಂಧನದ ಕಾರಣವನ್ನು ಸರಳ ಮಾತಿನಲ್ಲಿ ತಿಳಿಸಬೇಕು. ಹಕ್ಕುಗಳನ್ನು ವಿವರಿಸುವ ಲಿಖಿತ ಸೂಚನೆಯನ್ನು ಕೈಗೆ ಕೊಡಬೇಕು. ಸಾಲಿಸಿಟರ್ ಜೊತೆ ಮಾತನಾಡುವ ಹಕ್ಕಿದೆ; ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸುವ ಹಕ್ಕಿದೆ; ಅನಾರೋಗ್ಯವಾದರೆ ವೈದ್ಯರನ್ನು ಕರೆಸಬೇಕು. ಇವೆಲ್ಲ 1987ರ ಬಂಧಿತರ ಉಪಚಾರ ನಿಯಮಗಳಲ್ಲಿ ಬರೆದಿಟ್ಟಿರುವ ಮಾತುಗಳು. ಯಾರೋ ಒಬ್ಬರ ಔದಾರ್ಯವಲ್ಲ. ಸಾಲಿಸಿಟರ್ ಭೇಟಿಯ ಹಕ್ಕು ಸಂವಿಧಾನದತ್ತವಾದುದೆಂದು ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ.

ವಿದೇಶೀ ಪ್ರಜೆಗಳಿಗೆ ಇನ್ನೆರಡು ರಕ್ಷಣೆಗಳುಂಟು. ಒಂದು, ತಮ್ಮ ದೇಶದ ದೂತಾವಾಸಕ್ಕೆ ತಿಳಿಸುವಂತೆ ಕೇಳುವ ಹಕ್ಕು. ದೂತಾವಾಸವು ವಕೀಲರ ಸ್ಥಾನವನ್ನು ತುಂಬಲಾರದು, ಆದರೆ ಊರಿನ ಬಂಧುಗಳಿಗೆ ಸುದ್ದಿ ಮುಟ್ಟಿಸುವಂತಹ ನೆರವು ನೀಡಬಲ್ಲದು. ಇನ್ನೊಂದು, 2013ರ ನಿಯಮಗಳಂತೆ, ಇಂಗ್ಲಿಷ್ ಚೆನ್ನಾಗಿ ಅರ್ಥವಾಗದವರಿಗೆ ದುಭಾಷಿಯ ಸಹಾಯ. ನಮ್ಮಲ್ಲಿ ಬಹುಮಂದಿ ಇಂಗ್ಲಿಷ್ ಬಲ್ಲವರೇ. ಆದರೂ ಕಚೇರಿಯಲ್ಲಿ ಆಡುವ ಇಂಗ್ಲಿಷ್ ಬೇರೆ, ನಡುರಾತ್ರಿಯಲ್ಲಿ ಐರಿಷ್ ಉಚ್ಚಾರಣೆಯಲ್ಲಿ ಕೇಳುವ ಕಾನೂನಿನ ಇಂಗ್ಲಿಷ್ ಬೇರೆ. ಮಕ್ಕಳ ಮನೆಗೆ ಬಂದ ತಂದೆತಾಯಿಯರ ವಿಷಯದಲ್ಲಂತೂ ಈ ಹಕ್ಕು ಬಹು ಮುಖ್ಯ. ಅರ್ಥವಾಗದ ಮಾತಿಗೆ ವಿನಯದಿಂದ ತಲೆಯಾಡಿಸುವುದು ನಮ್ಮ ಹಳೆಯ ಅಭ್ಯಾಸ. ಠಾಣೆಯಲ್ಲಿ ಆ ತಲೆಯಾಟವನ್ನು ಒಪ್ಪಿಗೆಯೆಂದು ತಿಳಿಯಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಠಾಣೆಯಲ್ಲಿ ಉಸಿರಿನ ಎರಡು ಮಾದರಿಗಳನ್ನು ಕೊಡುವಂತೆ, ಅಥವಾ ರಕ್ತ ಇಲ್ಲವೆ ಮೂತ್ರದ ಮಾದರಿಯನ್ನು ಕೊಡುವಂತೆ ಕೇಳಲಾಗುತ್ತದೆ. ‘ನಮಗೆ ಮೌನದ ಹಕ್ಕಿದೆ, ವಕೀಲರು ಬರುವವರೆಗೆ ಯಾವುದನ್ನೂ ಕೊಡುವುದಿಲ್ಲ’ ಎಂದು ವಾದಿಸಿ ಕೆಲವರು ಇಲ್ಲಿ ಎಡವುತ್ತಾರೆ. ಮಾತಿಗೆ ಮೌನದ ಹಕ್ಕುಂಟು, ಉಸಿರಿಗೆ ಇಲ್ಲ. ಸಾಲಿಸಿಟರ್‌ಗೆ ಫೋನು ಮಾಡುವಂತೆ ಅವಶ್ಯವಾಗಿ ಕೇಳಬೇಕು. ಆದರೆ ಅವರು ಸಿಗುವವರೆಗೆ ಮಾದರಿ ಕೊಡುವುದಿಲ್ಲವೆಂದು ಹಟ ಹಿಡಿಯಬಾರದು. ಠಾಣೆಯಲ್ಲಿ ಮಾದರಿ ನಿರಾಕರಿಸಿದ ಅಪರಾಧಕ್ಕೆ ಮೊದಲ ಬಾರಿಯೇ 4 ವರ್ಷಗಳ ಚಾಲನಾ ಅನರ್ಹತೆ ಉಂಟು. ಮಿತಿಯನ್ನು ಅತಿ ಹೆಚ್ಚು ಮೀರಿದವನಿಗೆ ಕೋರ್ಟು ವಿಧಿಸುವ ಕನಿಷ್ಠ ಅವಧಿಗಿಂತಲೂ ಇದು ದೀರ್ಘ. ಆಸ್ತಮಾ ಮುಂತಾದ ಕಾರಣದಿಂದ ಉಸಿರು ಊದಲು ನಿಜವಾಗಿ ಆಗದಿದ್ದರೆ, ಅದನ್ನು ಆಗಲೇ ಸ್ಪಷ್ಟವಾಗಿ ತಿಳಿಸಿ, ರಕ್ತ ಅಥವಾ ಮೂತ್ರದ ಮಾದರಿ ಕೊಡಲು ಸಿದ್ಧರೆಂದು ಹೇಳಬೇಕು. ಸಕಾರಣವಾದ ಅಶಕ್ತತೆಗೆ ಕಾನೂನು ಮನ್ನಣೆ ನೀಡುತ್ತದೆ. ಕಾರಣವನ್ನು ಆರು ತಿಂಗಳ ಬಳಿಕ ಕೋರ್ಟಿನಲ್ಲಿ ಮೊದಲ ಸಲ ಹೇಳಿದರೆ ನಂಬುವವರು ಕಡಿಮೆ.

ಮಾದರಿಯನ್ನು ವಾಹನ ನಡೆಸಿದ ಮೂರು ಗಂಟೆಗಳ ಒಳಗಿನ ಪ್ರಮಾಣಕ್ಕೆ ಸಂಬಂಧಿಸಿ ಪರಿಗಣಿಸಲಾಗುತ್ತದೆ. ಉಸಿರಿನ ಎರಡು ಮಾದರಿಗಳಲ್ಲಿ ಕಡಿಮೆಯಾದುದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ; ಯಂತ್ರ ಮುದ್ರಿಸುವ ಹೇಳಿಕೆಯ ಒಂದು ಪ್ರತಿ ನಮಗೆ ಸಲ್ಲುತ್ತದೆ. ಅದರ ಮೇಲಿನ ಸಹಿ ತಪ್ಪೊಪ್ಪಿಗೆಯಲ್ಲ. ರಕ್ತವನ್ನು ವೈದ್ಯರು ಅಥವಾ ದಾದಿಯರು ಮಾತ್ರ ತೆಗೆಯಬೇಕು. ಅದನ್ನು ಎರಡು ಭಾಗ ಮಾಡಿ, ಒಂದನ್ನು ಬೇಕಾದರೆ ನಾವೇ ಇಟ್ಟುಕೊಳ್ಳಬಹುದು. ಇನ್ನೊಂದು ಭಾಗ ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನಲ್ಲಿರುವ ರಸ್ತೆ ಸುರಕ್ಷತೆಯ ವೈದ್ಯಕೀಯ ಸಂಸ್ಥೆಗೆ ಹೋಗುತ್ತದೆ. 1968ರ ಕಾಯಿದೆಯಂತೆ ಹುಟ್ಟಿದ ಈ ಸಂಸ್ಥೆ ತನ್ನ ಪ್ರಮಾಣಪತ್ರದ ಪ್ರತಿಯನ್ನು ಆರೋಪಿಗೂ ಕಳುಹಿಸುತ್ತದೆ. ಈ ಕಾಗದಗಳನ್ನೆಲ್ಲ ಜೋಪಾನವಾಗಿ ಇಡುವುದು ನಮ್ಮ ಕೆಲಸ.

ಮೌನದ ಹಕ್ಕು

ಯಾವ ಆರೋಪವೇ ಇರಲಿ, ಪ್ರಶ್ನಿಸುವ ಮೊದಲು ಗಾರ್ಡಾ ಒಂದು ಎಚ್ಚರಿಕೆಯ ಮಾತನ್ನು ಹೇಳುತ್ತಾರೆ: ನೀವು ಇಷ್ಟವಿಲ್ಲದಿದ್ದರೆ ಏನನ್ನೂ ಹೇಳಬೇಕಾಗಿಲ್ಲ, ಹೇಳಿದ್ದನ್ನು ಬರೆದುಕೊಂಡು ಸಾಕ್ಷ್ಯವಾಗಿ ಬಳಸಬಹುದು ಎಂಬುದು ಅದರ ಸಾರ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ನಮ್ಮ ಗಾದೆಗೆ ಇಲ್ಲಿ ಕಾನೂನಿನ ಅಂಗೀಕಾರವೇ ಇದೆ. ಭಾರತದ ಸಂವಿಧಾನದ 20ನೆಯ ವಿಧಿಯ ಮೂರನೆಯ ಖಂಡವೂ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆಂದು ಹೇಳುತ್ತದೆ. ಆದುದರಿಂದ ಈ ತತ್ತ್ವ ನಮಗೆ ಹೊಸದೇನಲ್ಲ.

ಹಲ್ಲೆ, ಕಳವು, ವಂಚನೆ ಮುಂತಾದ, 5 ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆ ಸಾಧ್ಯವಿರುವ ಅಪರಾಧಗಳಲ್ಲಿ, 1984ರ ಕ್ರಿಮಿನಲ್ ನ್ಯಾಯ ಕಾಯಿದೆಯಂತೆ ಠಾಣೆಯಲ್ಲಿ ಇರಿಸಿಕೊಂಡು ವಿಚಾರಿಸಬಹುದು. ಮೊದಲು 6 ಗಂಟೆ. ಹಿರಿಯ ಅಧಿಕಾರಿಗಳ ಅಪ್ಪಣೆಯಿಂದ ಇನ್ನೂ 6, ಮತ್ತೆ 12. ಒಟ್ಟು 24 ಗಂಟೆ. ರಾತ್ರಿಯ ವಿಶ್ರಾಂತಿಯ ಕಾಲ ಇದರಲ್ಲಿ ಸೇರುವುದಿಲ್ಲ. ಸಾಲಿಸಿಟರ್ ಬೇಕೆಂದು ಕೇಳಿದವನಿಗೆ ಸಲಹೆ ಪಡೆಯುವ ಸಮಂಜಸ ಅವಕಾಶ ಕೊಡದೆ ವಿಚಾರಣೆ ಆರಂಭಿಸಬಾರದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದೇ ವರ್ಷದಿಂದ ವಿಚಾರಣೆಯ ವೇಳೆ ಸಾಲಿಸಿಟರ್ ಜೊತೆಯಲ್ಲಿ ಕುಳಿತುಕೊಳ್ಳುವ ಪದ್ಧತಿಯೂ ಬಂದಿದೆ. ಇಂತಹ ಅಪರಾಧಗಳಲ್ಲಿ ಕೆಲವು ನಿರ್ದಿಷ್ಟ ಸಂದರ್ಭಗಳಲ್ಲಿ ಮೌನದಿಂದ ಪ್ರತಿಕೂಲ ನಿರ್ಣಯ ತೆಗೆಯಲು ಕಾನೂನಿನಲ್ಲಿ ಆಸ್ಪದವಿರುವುದರಿಂದ, ಮೌನವೋ ಮಾತೋ ಎಂಬುದನ್ನು ವಕೀಲರನ್ನು ಕೇಳಿಯೇ ನಿರ್ಧರಿಸಬೇಕು. ಹದಿನೆಂಟು ತುಂಬದ ಮಕ್ಕಳನ್ನು ಠಾಣೆಗೆ ಕರೆದೊಯ್ದರೆ ತಂದೆತಾಯಿಗೆ ತಿಳಿಸಬೇಕು. ಸಾಮಾನ್ಯವಾಗಿ ಪೋಷಕರಿಲ್ಲದೆ ಅವರನ್ನು ಪ್ರಶ್ನಿಸುವಂತಿಲ್ಲ. 2001ರ ಮಕ್ಕಳ ಕಾಯಿದೆ ಅವರನ್ನು ಕೋರ್ಟಿನಿಂದ ದೂರವಿಟ್ಟು ತಿದ್ದುವ ದಾರಿಯನ್ನೂ ತೋರಿಸಿದೆ.

ಕೋರ್ಟಿನಲ್ಲಿ

ಮದ್ಯಸಾರದ ಪ್ರಮಾಣ 50ರಿಂದ 80ರ ನಡುವೆ ಇದ್ದು, ಪರವಾನಗಿ ಉಳ್ಳವರಾಗಿದ್ದು, ಹಿಂದಿನ ಮೂರು ವರ್ಷಗಳಲ್ಲಿ ಇಂತಹ ಪ್ರಕರಣವಿಲ್ಲದಿದ್ದರೆ, ಕೋರ್ಟಿಗೆ ಹೋಗದೆ 200 ಯೂರೋ ದಂಡ ಮತ್ತು 3 ತಿಂಗಳ ಅನರ್ಹತೆಯಿಂದ ಮುಗಿಯಬಹುದು. 2018ರ ಅಕ್ಟೋಬರಿಗೆ ಮುಂಚೆ ಇದಕ್ಕೆ ಕೇವಲ ದಂಡಾಂಕಗಳಿದ್ದವು. ಈಗ ಅನರ್ಹತೆ ಕಡ್ಡಾಯ. 80ರಿಂದ 100ರ ನಡುವೆ 400 ಯೂರೋ ಮತ್ತು 6 ತಿಂಗಳು. ಕಲಿಯುವವರಿಗೂ ಹೊಸಬರಿಗೂ ವೃತ್ತಿಚಾಲಕರಿಗೂ 20ರಿಂದ 80ರವರೆಗೆ 200 ಯೂರೋ ಮತ್ತು 3 ತಿಂಗಳು. ಅದಕ್ಕೆ ಮೀರಿದರೆ ಕೋರ್ಟು. ಈ ಸೂಚನಾಪತ್ರ ಬಂದರೆ 28 ದಿನಗಳೊಳಗೆ ಹಣ ಕಟ್ಟಬೇಕು. ಮನೆ ಬದಲಿಸಿದಾಗ ವಿಳಾಸ ತಿದ್ದಿಸದೆ, ಪತ್ರ ಹಳೆಯ ಮನೆಯ ಬಾಗಿಲಲ್ಲಿ ಬಿದ್ದು, ಸುಲಭದ ದಾರಿ ಮುಚ್ಚಿಹೋಗುವುದುಂಟು.

ಕೋರ್ಟಿಗೆ ಹೋದ ಪ್ರಕರಣದಲ್ಲಿ ಅಪರಾಧ ಸಿದ್ಧವಾದರೆ ಅನರ್ಹತೆಯ ಕನಿಷ್ಠ ಅವಧಿ ಮೊದಲ ಸಲಕ್ಕೆ, ಪ್ರಮಾಣಕ್ಕೆ ತಕ್ಕಂತೆ, 6 ತಿಂಗಳು, 1 ವರ್ಷ, 2 ವರ್ಷ, 3 ವರ್ಷ. ಎರಡನೆಯ ಸಲಕ್ಕೆ ಇದರ ಇಮ್ಮಡಿ. ಜೊತೆಗೆ 5,000 ಯೂರೋವರೆಗೆ ದಂಡ, 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಇತರ ಸಣ್ಣ ಅಪರಾಧಗಳಲ್ಲಿ 1907ರ ಪ್ರೊಬೇಷನ್ ಕಾಯಿದೆಯಂತೆ ನ್ಯಾಯಾಧೀಶರು ಕರುಣೆ ತೋರಿ ಶಿಕ್ಷೆಯಿಲ್ಲದೆ ಬಿಡಬಹುದು. ಈ ಅಪರಾಧದಲ್ಲಿ ಆ ಅವಕಾಶವಿಲ್ಲ.

ಪ್ರಕರಣ ಜಿಲ್ಲಾ ನ್ಯಾಯಾಲಯದಲ್ಲಿ ನಡೆಯುತ್ತದೆ. ಸಮನ್ಸಿಗೆ ಸಾಮಾನ್ಯವಾಗಿ ಘಟನೆಯ 6 ತಿಂಗಳೊಳಗೆ ಅರ್ಜಿ ಹಾಕಿರಬೇಕು. ಗಾರ್ಡಾಗಳ ಹೇಳಿಕೆ ಮತ್ತು ದಾಖಲೆಗಳ ಪ್ರತಿಯನ್ನು ಮುಂಚಿತವಾಗಿ ಕೊಡಿಸುವಂತೆ ಕೋರ್ಟನ್ನು ಕೇಳಿಕೊಳ್ಳಬಹುದು. ನ್ಯಾಯದ ಹಿತಕ್ಕೆ ಬೇಕಾದಲ್ಲಿ ಕೊಡಿಸಬೇಕೆಂದು 1990ರ ದಶಕದಲ್ಲಿಯೇ ತೀರ್ಮಾನವಾಗಿದೆ. ವಕೀಲರಿಗೆ ಹಣವಿಲ್ಲದವರಿಗೆ 1962ರ ಕಾಯಿದೆಯಂತೆ ಸರಕಾರದ ವೆಚ್ಚದಲ್ಲಿ ಕಾನೂನು ನೆರವುಂಟು. ಆರೋಪಿಯ ಆದಾಯ ಮತ್ತು ಆರೋಪದ ಗುರುತ್ವವನ್ನು ನೋಡಿ ನ್ಯಾಯಾಧೀಶರು ಅದನ್ನು ಮಂಜೂರು ಮಾಡುತ್ತಾರೆ. ಸೆರೆವಾಸದ ಸಾಧ್ಯತೆ ಇರುವಲ್ಲಿ ಬಡ ಆರೋಪಿಗೆ ಈ ಹಕ್ಕನ್ನು ತಿಳಿಸಲೇಬೇಕೆಂದು 1976ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತೀರ್ಪು ಒಪ್ಪಿಗೆಯಾಗದಿದ್ದರೆ 14 ದಿನಗಳೊಳಗೆ ಸರ್ಕ್ಯೂಟ್ ನ್ಯಾಯಾಲಯಕ್ಕೆ ಮೇಲ್ಮನವಿ. ಅಲ್ಲಿ ವಿಚಾರಣೆ ಮೊದಲಿನಿಂದಲೇ ನಡೆಯುತ್ತದೆ.

ಐರಿಷ್ ಸಂವಿಧಾನದ 38ನೆಯ ವಿಧಿ, ಕಾನೂನಿನ ಕ್ರಮದಲ್ಲಲ್ಲದೆ ಯಾವ ‘ವ್ಯಕ್ತಿ’ಯನ್ನೂ ಕ್ರಿಮಿನಲ್ ಆರೋಪದ ಮೇಲೆ ವಿಚಾರಣೆ ಮಾಡುವಂತಿಲ್ಲ ಎನ್ನುತ್ತದೆ. ಅಲ್ಲಿ ‘ಪೌರ’ ಎಂಬ ಶಬ್ದವಿಲ್ಲ. ವೀಸಾದ ಮೇಲೆ ಬಂದ ದಾದಿಗೂ ಇಲ್ಲಿಯೇ ಹುಟ್ಟಿದ ರೈತನಿಗೂ ಆ ಕಟಕಟೆಯಲ್ಲಿ ಒಂದೇ ರಕ್ಷಣೆ.

ತಾಂತ್ರಿಕ ದೋಷಗಳನ್ನು ನಂಬಿ ಕೂರುವವರಿಗೆ ಒಂದು ಪ್ರಸಂಗ ಪಾಠವಾಗಬಲ್ಲದು. ಉಸಿರಿನ ಯಂತ್ರದ ಹೇಳಿಕೆ ಇಂಗ್ಲಿಷಿನಲ್ಲಿ ಮಾತ್ರ ಮುದ್ರಿತವಾಗಿತ್ತು, ಐರಿಷ್ ಭಾಷೆಯಲ್ಲಿಯೂ ಇರಬೇಕಿತ್ತು ಎಂಬ ಆಕ್ಷೇಪವನ್ನು 2015ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಇನ್ನು ನಮ್ಮ ಪ್ರಕರಣಗಳೂ ಬಿದ್ದುಹೋದವು ಎಂದು ಹಲವರು ಭರವಸೆ ತಾಳಿದರು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ತಳ್ಳಿಕೆಯನ್ನು ಖಾಯಂಗೊಳಿಸಿತು. ಕಾರ್ಯವಿಧಾನದ ಪಾಲನೆಯನ್ನು ಪರೀಕ್ಷಿಸುವುದು ವಕೀಲರ ಧರ್ಮ. ಅದರ ಮೇಲೆಯೇ ಬದುಕನ್ನು ಪಣಕ್ಕಿಡುವುದು ವಿವೇಕವಲ್ಲ.

ತೀರ್ಪಿನ ನಂತರ

ದಂಡ ಕಟ್ಟಿದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸುವಂತಿಲ್ಲ. ಮಕ್ಕಳೊಡನೆ, ವೃದ್ಧರೊಡನೆ, ರೋಗಿಗಳೊಡನೆ ಕೆಲಸ ಮಾಡುವವರಿಗೆ ಗಾರ್ಡಾ ಪೂರ್ವಾಪರ ಪರಿಶೀಲನೆ 2016ರಿಂದ ಕಾನೂನಿನ ಕಡ್ಡಾಯ. ನಮ್ಮ ಸಮುದಾಯದಲ್ಲಿ ದಾದಿಯರು, ವೈದ್ಯರು, ಆರೈಕೆಯ ಕೆಲಸದವರು ಎಷ್ಟು ಮಂದಿ ಇದ್ದಾರೆಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಪೌರತ್ವಕ್ಕೆ 1956ರ ಕಾಯಿದೆ ‘ಸಚ್ಚಾರಿತ್ರ್ಯ’ವನ್ನು ಅಪೇಕ್ಷಿಸುತ್ತದೆ, ಅರ್ಜಿಯಲ್ಲಿ ಸಂಚಾರ ಅಪರಾಧಗಳನ್ನೂ ತಿಳಿಸಬೇಕು. ಒಂದು ಅಪರಾಧವಿದ್ದ ಮಾತ್ರಕ್ಕೆ ಪೌರತ್ವ ತಪ್ಪಿಯೇ ಹೋಗುವುದೆಂದಲ್ಲ; ಆದರೆ ಅಪರಾಧಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚಿನ ಕೇಡು ತರಬಲ್ಲದು. 2016ರ ಮತ್ತೊಂದು ಕಾಯಿದೆಯಂತೆ, ಕೆಲವು ನಿಬಂಧನೆಗಳಿಗೆ ಒಳಪಟ್ಟು, ಸಣ್ಣ ಅಪರಾಧಗಳು 7 ವರ್ಷಗಳ ಬಳಿಕ ಕಾಲಗತವೆನಿಸಿಕೊಳ್ಳುತ್ತವೆ. ಹಾಗಾದರೂ, ಯಾವ ಅರ್ಜಿಯಲ್ಲಿ ಹೇಳಬೇಕು, ಯಾವುದರಲ್ಲಿ ಬೇಕಿಲ್ಲ ಎಂಬುದನ್ನು ಬಲ್ಲವರಿಂದ ತಿಳಿದೇ ಸಹಿ ಮಾಡಬೇಕು.

ಗಾರ್ಡಾಗಳ ನಡವಳಿಕೆಯಲ್ಲಿ ಅನ್ಯಾಯವಾಯಿತೆಂದು ಕಂಡರೆ ರಸ್ತೆಯಲ್ಲಾಗಲಿ ಠಾಣೆಯಲ್ಲಾಗಲಿ ಜಗಳ ಬೇಡ. ಹೆಸರು, ಸಮಯ, ಮಾತುಗಳನ್ನು ಅಂದೇ ಬರೆದಿಟ್ಟುಕೊಳ್ಳಬೇಕು. ದೂರು ಸ್ವೀಕರಿಸಲು ಸ್ವತಂತ್ರ ಸಂಸ್ಥೆಯೊಂದಿದೆ. ಹಿಂದಿನ ಗಾರ್ಡಾ ಓಂಬುಡ್ಸ್‌ಮನ್ ಆಯೋಗದ ಸ್ಥಾನದಲ್ಲಿ 2025ರಿಂದ ‘ಫಿಸ್ರೂ’ ಎಂಬ ಕಚೇರಿ ಆ ಕೆಲಸ ಮಾಡುತ್ತಿದೆ.

ಮನೆಯವರ ಪಾತ್ರ

ನಡುರಾತ್ರಿ ಠಾಣೆಯಿಂದ ಫೋನು ಬಂದರೆ ಮನೆಯವರು ಮಾಡಬೇಕಾದ್ದು ಮೂರು. ಯಾವ ಠಾಣೆ, ಏನು ಆರೋಪ ಎಂದು ಕೇಳಿ ಬರೆದುಕೊಳ್ಳುವುದು. ಸಾಲಿಸಿಟರ್ ಒಬ್ಬರಿಗೆ ತಿಳಿಸುವುದು. ಬಂಧಿತರು ಮಧುಮೇಹ, ರಕ್ತದೊತ್ತಡ ಮೊದಲಾದವುಗಳಿಗೆ ಔಷಧಿ ತೆಗೆದುಕೊಳ್ಳುವವರಾದರೆ ಅದನ್ನು ಠಾಣೆಯ ಉಸ್ತುವಾರಿ ಗಾರ್ಡಾಗೆ ಹೇಳುವುದು. ಬೈಯುವುದಕ್ಕೂ ಅಳುವುದಕ್ಕೂ ಬೆಳಗಾದ ಮೇಲೆ ಸಮಯವಿರುತ್ತದೆ. ಪ್ರಾಥಮಿಕ ಸಲಹೆಗೆ 1969ರಲ್ಲಿ ಸ್ಥಾಪಿತವಾದ ‘ಫ್ಲ್ಯಾಕ್’ ಸಂಸ್ಥೆಯ ಉಚಿತ ಕಾನೂನು ಸಲಹಾ ಕೇಂದ್ರಗಳಿವೆ. ಆದರೆ ನಿಜವಾದ ಪ್ರಕರಣದಲ್ಲಿ ಈ ಲೇಖನವಾಗಲಿ ಸ್ನೇಹಿತರ ಅನುಭವವಾಗಲಿ ಸಾಲಿಸಿಟರ್ ಸಲಹೆಗೆ ಬದಲಿಯಲ್ಲ.

ಕೊನೆಯದಾಗಿ ಒಂದು ಮಾತು. ಡಬ್ಲಿನ್ನಿನಿಂದ ಹೊರಗೆ ಬಸ್ಸು ವಿರಳವಾದ ಊರುಗಳಲ್ಲಿ ನಮ್ಮ ಅನೇಕ ಸಂಸಾರಗಳಿವೆ. ಅಲ್ಲಿ ಒಬ್ಬರ ಪರವಾನಗಿ ಹೋದರೆ ಮನೆಯೊಡತಿಯ ರಾತ್ರಿಪಾಳಿ, ಮಕ್ಕಳ ಶಾಲೆ, ವಾರದ ದಿನಸಿ ಎಲ್ಲವೂ ನಿಂತುಹೋಗುತ್ತವೆ. ಎದುರಿನಿಂದ ಬರುವ ಕಾರಿನಲ್ಲಿಯೂ ಇಂತಹುದೇ ಒಂದು ಸಂಸಾರವಿರುತ್ತದೆ. ನಮ್ಮ ರಾಜ್ಯೋತ್ಸವ, ದೀಪಾವಳಿಯ ಕೂಟಗಳಲ್ಲಿ ‘ಇನ್ನೊಂದೇ ಒಂದು’ ಎಂದು ಅತಿಥಿಗೆ ಒತ್ತಾಯ ಮಾಡುವ ಉಪಚಾರವನ್ನು ನಾವು ಊಟದ ಎಲೆಗಷ್ಟೇ ಮೀಸಲಿಡೋಣ. ಒಬ್ಬಟ್ಟನ್ನು ಎಷ್ಟು ಬಡಿಸಿದರೂ ಗಾರ್ಡಾಗಳ ಯಂತ್ರ ಅದನ್ನು ಅಳೆಯುವುದಿಲ್ಲ. ಯಾರು ಕುಡಿಯದೆ ಕಾರು ನಡೆಸುವರೆಂಬುದನ್ನು ಮನೆಯಿಂದ ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳೋಣ. ಹಕ್ಕುಗಳನ್ನು ತಿಳಿದಿರೋಣ, ಅವುಗಳನ್ನು ಬಳಸುವ ದಿನ ಯಾರಿಗೂ ಬಾರದಿರಲಿ ಎಂದು ಹಾರೈಸುತ್ತೇವೆ.